ಸುಮ್ಮನಾದ ಬಳೆಗಳು

ಅಮೆರಿಕದ ಫ್ರೀಮಾಂಟಿನ ಆ ಭಾನುವಾರದ ಮಧ್ಯಾಹ್ನಕ್ಕೆ ಅರೆನಿದ್ದೆ ಹತ್ತಿತ್ತು. ಗುಡ್ಡಗಳ ಒಣಹುಲ್ಲಿನ ಮೇಲೆ ಬಿಸಿಲು ಮಲಗಿತ್ತು. ಎಚ್ಚರವಾಗಿದ್ದದ್ದು ಕಾರಿನ ಹಿಂದಿನ ಸೀಟೊಂದೇ. ಅಲ್ಲಿ ಶರಣವ್ವನ ಮಗ ಶಿವರಾಜ, ಸೊಸೆ ಶೀತಲ್ ಅಂಚೆಯಲ್ಲಿ ಮನೆಗೇ ಬಂದ ಓಟಿನ ಲಕೋಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ವಾದಕ್ಕೆ ಕೂತಿದ್ದರು. ಲೈಬ್ರರಿ ಮುಂದಿನ ಓಟಿನ ಪೆಟ್ಟಿಗೆಗೆ ಅವನ್ನು ಹಾಕುವುದರೊಳಗೆ ಒಬ್ಬರನ್ನೊಬ್ಬರು ಒಪ್ಪಿಸಲೇಬೇಕಂತೆ. ಗಂಡಹೆಂಡಿರಿಗೆ ಜಗಳವಾಡಲು ಬೇರೇನೂ ಸಿಗಲಿಲ್ಲವೇ, ದೇಶದ ಅಧ್ಯಕ್ಷನೇ ಬೇಕಿತ್ತೇ!

ಕಾರು ನಡೆಸುತ್ತಿದ್ದವರು ಶರಣವ್ವನ ಗಂಡ ವಿರುಪಾಕ್ಷಪ್ಪ. ಎಪ್ಪತ್ತೆಂಟರ ಅವರ ಮುಖ ಕನಸು ಕಾಣುವವರಷ್ಟು ಶಾಂತವಾಗಿತ್ತು. ಅವರ ಬಲಗಡೆಯ ಸೀಟಿನಲ್ಲಿ ಶರಣವ್ವ, ಕೈತುಂಬ ಹಸಿರು ಗಾಜಿನ ಬಳೆ. ಬಳೆ ಒಮ್ಮೆ ಘಲ್ ಎಂದರೆ ಬಲಕ್ಕೆ, ಎರಡು ಸಲ ಎಂದರೆ ಎಡಕ್ಕೆ. ಹೋದ ವರ್ಷ ಒಂದು ದಿನ ದೇವಸ್ಥಾನದಿಂದ ಮನೆಗೆ ಬರುವ ದಾರಿಯೇ ಮರೆತು ಅವರು ಆಕೆಯ ಮುಖ ನೋಡಿದ್ದರು. ಅಂದಿನಿಂದ ಇಬ್ಬರೂ ಆ ಮಾತೆತ್ತಲಿಲ್ಲ, ಬಳೆಯೇ ದಾರಿ ಹೇಳುತ್ತಿತ್ತು. ಮಗ ಸೊಸೆಗೆ ಇದರ ಸುಳಿವೂ ಇರಲಿಲ್ಲ.

ಶಿವರಾಜ ಮೆಚ್ಚಿದ ಅಭ್ಯರ್ಥಿಗೆ ವಯಸ್ಸಾಯಿತು, ಭಾಷಣದ ನಡುವೆ ತಾನೆಲ್ಲಿದ್ದೇನೆಂಬುದೇ ಮರೆಯುತ್ತದೆ ಎಂಬುದು ಶೀತಲ್ ವಾದ. ಮರೆತರೇನಂತೆ, ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡವರು ಚುರುಕಾಗಿದ್ದಾರಲ್ಲ, ಸಂಭಾಳಿಸುತ್ತಾರೆ ಎಂದು ಶಿವರಾಜ.

"ಸಂಭಾಳ್ಸಲ್ಲ ರೀ, ಮುಚ್ಚಿಡ್ತಾರೆ," ಎಂದಳು ಶೀತಲ್. "ಪಕ್ಕದಲ್ಲಿರೋರೇ ಮುಚ್ಚಿಟ್ರೆ ನಮಗೆ ಹೇಗೆ ಗೊತ್ತಾಗ್ಬೇಕು?"

ಶರಣವ್ವ ಹಿಂತಿರುಗಿ ನೋಡದೆ ಬಳೆಗಳ ಮೇಲೆ ಅಂಗೈ ಮುಚ್ಚಿದಳು.

ಶಿವರಾಜ ಬಿಡುವ ಪೈಕಿಯೇ ಅಲ್ಲ. ವಯಸ್ಸಿನ ಮಾತಾಡುವವಳು ಅಪ್ಪನನ್ನು ನೋಡು ಎಂದ. ಜಿಪಿಎಸ್ಸಿನ ಹಂಗಿಲ್ಲದೆ ಊರೆಲ್ಲ ಸುತ್ತುತ್ತಾರೆ. ನಾಳೆ ಅವ್ವನಿಗೆ ಮೊಣಕಾಲಿನ ಆಪರೇಶನ್ನು, ಡೇಕೇರಿನಿಂದ ಮಗಳು ಸುಮನ್‌ಳನ್ನು ದಿನಾ ಕರೆತರುವವರು ಇನ್ನು ಅಪ್ಪ ಒಬ್ಬರೇ ಅಲ್ಲವೇ? ಈ ಮಾತಿಗೆ ಶೀತಲ್ ಕೂಡ ಹೂಂ ಎಂದಳು. ಮಾವನ ಮೇಲೆ ಆಕೆಗೆ ಅಷ್ಟು ನಂಬಿಕೆ.

ವಾರದಿಂದ ಶರಣವ್ವ ಹೇಳಲೆಂದು ಬಾಯಿ ತೆರೆಯುವುದು, ಗಂಡನ ಮುಖ ನೋಡಿ ಮುಚ್ಚುವುದು, ಇದೇ ಆಗಿತ್ತು. ನಾಳೆಯಿಂದ ನಾಲ್ಕು ವರ್ಷದ ಮೊಮ್ಮಗಳು ಹಿಂದೆ ಕೂತಿರುತ್ತಾಳೆ, ಪಕ್ಕದಲ್ಲಿ ಬಳೆ ಇರುವುದಿಲ್ಲ.

ಲೈಬ್ರರಿಯ ತಿರುವು ಬಂತು. ಶರಣವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಹಿಡಿದು ಕೂತಳು.

ಕಾರು ನೇರ ಹೋಯಿತು. ಮನೆಗಳು ವಿರಳವಾದವು. ಕೊಲ್ಲಿಯಂಚಿನ ಜೌಗುನೆಲ ಕಂಡಿತು, ಬಿಳಿ ಕೊಕ್ಕರೆಗಳು ಕಂಡವು, ಮಂಜು ಮೆಲ್ಲಗೆ ಬಂದು ಗಾಜಿಗೆ ತಾಗಿತು. ವಿರುಪಾಕ್ಷಪ್ಪ ಹಾಯಾಗಿ ನಡೆಸುತ್ತಿದ್ದರು, ಈ ದಾರಿ ಮುಗಿಯುವುದೇ ಬೇಡ ಎಂಬಂತೆ. ಎಷ್ಟು ಚೆಂದ ಕಾಣುತ್ತಿದ್ದರು! ಶರಣವ್ವನಿಗೆ ಅಳು ಒತ್ತಿ ಬಂತು. ಹಿಂದಿನ ಸೀಟಿನ ವಾದ ತಾನಾಗಿ ನಿಂತುಹೋಗಿತ್ತು.

"ಅಪ್ಪಾ, ಎಲ್ಲಿಗೆ ಹೊಂಟೀರಿ? ಲೈಬ್ರರಿ ಹಿಂದ ಹೋತಲ್ಲ," ಎಂದ ಶಿವರಾಜ.

ರಸ್ತೆ ಮುಗಿದಿತ್ತು, ಎದುರಿಗೆ ನೀರು. ಕಾರು ನಿಲ್ಲಿಸಿದ ವಿರುಪಾಕ್ಷಪ್ಪ ಹೆಂಡತಿಯ ಕಡೆ ತಿರುಗಿದರು.

"ಯಾಕ, ಬಳಿ ಯಾಕ ಸುಮ್ಮನಾದವು?"

ಶೀತಲ್ ಮುಂದಕ್ಕೆ ಬಾಗಿ ಅತ್ತೆಯ ಸೆರಗಿನೊಳಗಿನ ಕೈಗಳನ್ನು ನೋಡಿದಳು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ನಾಳಿಂದ ನಾ ಬಾಜೂಕ ಇರಂಗಿಲ್ಲಲ್ರೀ," ಎಂದಳು ಶರಣವ್ವ.

ವಿರುಪಾಕ್ಷಪ್ಪ ಮತ್ತೆ ನೀರಿನ ಕಡೆ ಮುಖ ಮಾಡಿದರು. ಆಮೇಲೆ ಕೀಲಿ ತೆಗೆದು, ನೀರಿನಿಂದ ಕಣ್ಣು ಕೀಳದೆಯೇ ಆಕೆಯ ಅಂಗೈಯಲ್ಲಿಟ್ಟರು. ಬಳೆ ಒಮ್ಮೆ ಘಲ್ ಎಂದಿತು. ರೂಢಿಬಿದ್ದ ವಿರುಪಾಕ್ಷಪ್ಪ ತಟ್ಟನೆ ಬಲಕ್ಕೆ ತಿರುಗಿದರು. ಅಲ್ಲಿ ಶರಣವ್ವ ಅಳುತ್ತಿದ್ದಳು.