ಹೂತಿಟ್ಟ ಫಿರಂಗಿಗಳು

ನಮ್ಮಪ್ಪನನ್ನು ಎಳೆಯ ವಯಸ್ಸಿನಲ್ಲೇ ಕಾಕಸಸ್ ಬೆಟ್ಟದಿಂದ ಹಿಡಿದು ತಂದು ಕೈರೋದ ಸಂತೆಯಲ್ಲಿ ಮಾರಿದ್ದರು. ಅದೇ ಅವನ ಜಂಬ! ಈಜಿಪ್ಟನ್ನು ಆಳಬೇಕಾದರೆ ಗುಲಾಮನಾಗಿಯೇ ಬಂದಿರಬೇಕು. ಅಂಥವನೇ ಮಾಮ್ಲೂಕ, ಅವನಿಗೇ ಕುದುರೆ, ಕತ್ತಿ, ಸಿಂಹಾಸನ ಎಲ್ಲ. ಮಾಮ್ಲೂಕನಿಗೆ ಹುಟ್ಟಿದ ನನ್ನಂಥವನಿಗೆ ಏನೂ ಇಲ್ಲ. ಮಂಗೋಲರನ್ನು ಬಡಿದಟ್ಟಿದವರು, ಮುಗಿಲೆತ್ತರದ ಮಿನಾರು ಕಟ್ಟಿಸಿದವರು ಇವರೇ, ಒಪ್ಪಿದೆ. ಆಮೇಲೆ? ಇನ್ನೂರು ವರ್ಷ ಕೂತು ಅದನ್ನೇ ಕೊಚ್ಚಿಕೊಂಡರು.

ಫಿರಂಗಿ ಎಂದರೆ ಇವರಿಗೆ ಅಸಹ್ಯ. ಆ ಕೆಲಸವೆಲ್ಲ ನಮ್ಮಂಥ ಬೇಡದವರ ಪಾಲಿಗೆ. ಇಸ್ತಾಂಬುಲಿನ ತುರ್ಕರ ದಂಡು ಮರಳುಗಾಡು ದಾಟಿತೆಂದು ಸುದ್ದಿ ಬಂದಾಗ, ಕೈರೋದ ಹೊರಗಿನ ರೈದಾನಿಯಾ ಬಯಲಿನಲ್ಲಿ ನಮ್ಮ ಫಿರಂಗಿಗಳನ್ನು ಚಕ್ರದ ಅಚ್ಚಿನವರೆಗೆ ಹೂಳಲು ದಳದ ಅಮೀರನಾಗಿದ್ದ ಅಪ್ಪ ಹೇಳಿದ.

“ಚಕ್ರ ಮೇಲಿರಲಿ, ಅಪ್ಪ,” ಎಂದು ಗೋಗರೆದೆ. “ಅವರು ಗುಡ್ಡದ ಕಡೆಯಿಂದ ಸುತ್ತಿ ಬಂದ್ರೆ ಇವನ್ನ ತಿರುಗಿಸೋಕಾಗಲ್ಲ. ಎಲ್ಲರೂ ಸಾಯ್ತೀವಿ.”

ಎಲ್ಲರೆದುರೇ ಕೆನ್ನೆಗೆ ಬಾರಿಸಿದ. “ಯಾರೋ ನಿನ್ನಪ್ಪ? ಅಮೀರರೇ ಅನ್ನು! ಓಡಾಡೋ ಫಿರಂಗಿ ಹೇಡಿಗಳಿಗೆ. ಬಾಯಿ ಮುಚ್ಕೊಂಡು ಮಣ್ಣೆಳಿ.”

ಪಕ್ಕದಲ್ಲಿ ಅವನು ಹೊಸದಾಗಿ ಕೊಂಡ ಗುಲಾಮ ಜಾನಿಮ್ ಕುದುರೆ ಮೇಲೆ ಕೂತು ಹಲ್ಲು ಕಿರಿದ. ಅವನನ್ನು ಅಪ್ಪ ‘ಮಗನೇ’ ಎಂದು ಕರೆಯುತ್ತಿದ್ದ. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು. ಒಂದೇ ಒಂದು ಸಲ ನನ್ನನ್ನು ನಾಲ್ಕು ಜನರ ಮುಂದೆ ಹಾಗೆ ಕರೆದಿದ್ದರೆ ಸಾಕಿತ್ತು.

ತುರ್ಕರು ಗುಡ್ಡದ ಕಡೆಯಿಂದಲೇ ಬಂದರು. ಬರದೇ ಇರಲು ಅವರೇನು ಕತ್ತೆಗಳೇ? ನಮ್ಮ ಫಿರಂಗಿಗಳು ಯಾರೂ ಇಲ್ಲದ ಮರಳನ್ನು ನೋಡುತ್ತಾ ಕೂತಿದ್ದವು. ಎಲ್ಲರಿಗಿಂತ ಮೊದಲು ಓಟ ಕಿತ್ತವನು ಜಾನಿಮ್. ಅಪ್ಪನ ಕುದುರೆಗೆ ಗುಂಡು ಬಿತ್ತು. ಅವನು ಬಂದು ಫಿರಂಗಿಗೆಂದು ನಾನು ತೋಡಿದ್ದ ಗುಂಡಿಗೇ ಉರುಳಿದ. ತುರ್ಕರು ನಮ್ಮಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಎಳೆದೊಯ್ದರು.

ಸೆರೆ ಸಿಕ್ಕ ಮಾಮ್ಲೂಕರ ತಲೆ ತೆಗೆಯಲು ಅಪ್ಪಣೆಯಾಗಿತ್ತು. ತುರ್ಕರ ಫಿರಂಗಿ ದಳದ ಸರದಾರ ಸಾಲು ನೋಡುತ್ತಾ ನಮ್ಮ ಮುಂದೆ ನಿಂತ. ಅಪ್ಪ ಮೊಣಕಾಲೂರಿದ.

“ಹುಜೂರ್, ನಾನು ಫಿರಂಗಿ ಮುಟ್ಟಿದವನೇ ಅಲ್ಲ,” ಎಂದ. “ನಿಮ್ಮವರನ್ನ ಕೊಲ್ಲೋಕೆ ಅದನ್ನ ಹೂಡಿದ್ದು ಇವನು.”

“ಯಾರಿವನು?”

“ನನ್ನ ಮಗ.”

ಹುಟ್ಟಿದಾಗಿನಿಂದ ಆ ಮಾತಿಗೆ ಕಾದಿದ್ದೆ. ಥೂ, ಬಂದದ್ದು ಹೀಗೆ!

ಸರದಾರ ಹೊಟ್ಟೆ ಹಿಡಿದುಕೊಂಡು ನಕ್ಕ. “ಮಗನಾ? ಮಾಮ್ಲೂಕನ ಮಗ ಮಾಮ್ಲೂಕ ಅಲ್ಲ ಅನ್ನೋದು ನಿಮ್ಮದೇ ಕಟ್ಟಳೆ ಅಲ್ವೇನಯ್ಯಾ? ಇವನ ಹಗ್ಗ ಬಿಚ್ರೋ, ಫಿರಂಗಿ ಬಲ್ಲವನು ನಮಗೆ ಬೇಕು. ಮುದುಕನ್ನ ಆಚೆ ಸಾಲಿಗೆ ಹಾಕಿ.”

“ಖಲೀಲ್!” ಅಪ್ಪ ಕಿರುಚಿದ. “ಒಂದು ಮಾತು ಹೇಳೋ! ನಿನ್ನಪ್ಪ ಕಣೋ ನಾನು!”

ಸರದಾರ ನನ್ನ ಕಡೆ ತಿರುಗಿದ. “ಏನಪ್ಪಾ? ನೀನು ಕೇಳಿದ್ರೆ ಬಿಟ್ಟುಬಿಡ್ತೀನಿ.”

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅಷ್ಟು ಹೊತ್ತು ಅವನು ನನ್ನನ್ನು ನೋಡಿದ್ದು ಅದೇ ಮೊದಲು. ನಾನು ಬಾಯಿ ಬಿಡಲಿಲ್ಲ. ಇವತ್ತು ಕೇಳಿದರೂ ಬಿಡುವುದಿಲ್ಲ.