ಚಕ್ರದ ಮಸಿ

"ನೋಡು, ಕಣ್ಣು ಬಿಟ್ಟು ನೋಡು!" ಕಾರಿನಿಂದ ಇಳಿದವರೇ ಗುರುಶಾಂತಮ್ಮ ಸೀರೆಯ ಅಂಚನ್ನು ಎತ್ತಿ ಹಿಡಿದು ಡ್ರೈವರ್ ದುರ್ಗಯ್ಯನಿಗೆ ತೋರಿಸಿದರು. ನಿಂಬೆ ಬಣ್ಣದ ಹೊಸ ರೇಷ್ಮೆ ಸೀರೆ. ನೊಣವಿನಕೆರೆ ಮಠಕ್ಕೆ ಹೋಗಿ ಬರುವಷ್ಟರಲ್ಲಿ ಚಕ್ರಕ್ಕೆ ತಾಗಿ ಅದಕ್ಕೆ ಅಂಗೈಯಗಲ ಮಸಿ ಮೆತ್ತಿತ್ತು.

"ಬ್ರೇಕಿನ ಧೂಳು ಕಣ್ರಮ್ಮಾವ್ರೆ. ಬ್ರೇಕ್ ತುಳ್ದಾಗೆಲ್ಲ ಒಳಗಡೆ ಪಟ್ಟಿ ತೇಯ್ತದೆ. ಆ ಪುಡಿ ಚಕ್ರಕ್ಕೆ ಮೆತ್ಕಂತದೆ. ಸೋಪ್ ಹಾಕ್ದೆ, ಸೀಮೆಎಣ್ಣೆ ಹಾಕ್ದೆ, ನಾರಲ್ಲಿ ಉಜ್ಜಿ ಉಜ್ಜಿ ನನ್ ಉಗುರೇ ಸವ್ದೋದ್ವು. ಇವತ್ತು ತೊಳುದ್ರೆ ನಾಳಿಕ್ಕೆ ಮತ್ತೆ ಬತ್ತದೆ."

"ಮೈ ಬಗ್ಗಲ್ಲ ಅನ್ನು, ಅದನ್ನ ಬಿಟ್ಟು ಪುರಾಣ ಹೇಳ್ತಾನೆ! ನಾಳೆ ಗಿರಿಜನ್ನ ಇದೇ ಕಾರಲ್ಲಿ ಕಳಿಸ್ಬೇಕು. ಆ ಬೀಗಿತ್ತಿ ಕಣ್ಣು ಮೊದಲು ಬೀಳೋದೇ ಇಂಥದ್ರ ಮೇಲೆ."

ಬೀಗಿತ್ತಿ ತುರುವೇಕೆರೆಯ ಶಿವರುದ್ರಮ್ಮ ಮೊಸರಲ್ಲಿ ಕಲ್ಲು ಹುಡುಕುವ ಹೆಂಗಸು, ನಿಜ. ಆದರೆ ಗುರುಶಾಂತಮ್ಮನವರೇನು ಕಡಿಮೆಯೇ! ತಿಪಟೂರಿನ ಕೊಬ್ಬರಿ ವ್ಯಾಪಾರಿಯಾದ ಗಂಡ ಸದಾಶಿವಯ್ಯನವರ ಮನೆಯಲ್ಲಿ ದೀಪದ ಕಂಬದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಹಂಡೆಯ ತಳದ ಕರಿಯನ್ನೂ ಬಿಡದ ಕೈ ಅವರದು. ಅಂಥವರ ಮನೆಯ ಬಿಳೀ ಅಂಬಾಸಿಡರ್ ಕಾರು ಒಂದು ವರ್ಷದಿಂದ ಕರೀ ಚಕ್ರ ಹೊತ್ತು ಊರೆಲ್ಲ ತಿರುಗುತ್ತಿತ್ತು. ಮಗಳು ಗಿರಿಜಾಂಬಿಕಾ ಐದು ತಿಂಗಳ ಕೂಸಿನೊಂದಿಗೆ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದಳು. ಕಾರು ಆ ಮನೆಯ ಬಾಗಿಲಲ್ಲಿ ನಿಂತಾಗ ಮಸಿ ಕಾಣುವುದೆಂದರೆ ತಮ್ಮ ಮುಖಕ್ಕೇ ಮಸಿ ಬಳಿದಂತೆ ಎಂದು ಅವರಿಗೆ ಅನ್ನಿಸಿತು.

ಮಧ್ಯಾಹ್ನ ಉಂಡವನೇ ದುರ್ಗಯ್ಯ, ಬೆಳಗಿನ ಮೊದಲ ಬಸ್ಸಿಗೆ ಬಂದುಬಿಡುತ್ತೇನೆಂದು ಹೇಳಿ ದಂಡಿನಶಿವರದ ತನ್ನ ಮನೆಗೆ ಹೋದ. ಅವನು ಬೀದಿ ತಿರುಗಿದ್ದೇ ತಡ, ಗುರುಶಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದರು. ಕೂರಲು ಮಣೆ, ಉಜ್ಜಲು ತೆಂಗಿನ ನಾರು, ಒಲೆಯ ಬೂದಿ, ಹುಣಸೆಹಣ್ಣು. ಒಂದು ಗಂಟೆ ಉಜ್ಜಿದರೂ ಮಸಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಳಗಿನಿಂದ ಕೊಬ್ಬರಿ ಎಣ್ಣೆಯ ಚೊಂಬು ತಂದರು. ಕೂಸಿನ ನೆತ್ತಿಗೆ, ತಮ್ಮ ಮಂಡಿಗೆ, ಕಿರುಗುಟ್ಟುವ ಬಾಗಿಲಿಗೆ, ಆ ಮನೆಯಲ್ಲಿ ಎಲ್ಲಕ್ಕೂ ಅದೇ ಮದ್ದು. ಎಣ್ಣೆ ಸವರಿ ಉಜ್ಜಿದ್ದೇ ತಡ, ಮಸಿ ಕರಗಿ ಬಂತು! ಅವರಿಗೆ ಎಂಥ ಖುಷಿಯಾಯಿತೆಂದರೆ, ದೋಸೆ ಮಗುಚುವ ಸಟ್ಟುಗ ತಂದು ಚಕ್ರದ ಬಟ್ಟಲು ಮುಚ್ಚಳವನ್ನೂ ಎಬ್ಬಿಸಿ ತೆಗೆದರು.

ಮುಚ್ಚಳದಡಿ, ಬೆರಳು ತೂರುವಷ್ಟು ಒಂದು ತೂತು. ಬಗ್ಗಿ ಊದಿದರೆ ಕರೀ ಪುಡಿ ಬುಸ್ಸೆಂದು ಮುಖಕ್ಕೇ ಹಾರಿತು.

"ಹಾಂ! ಇಲ್ಲಿದೀಯಾ ನೀನು!"

ಮಸಿ ಹುಟ್ಟುವ ಜಾಗ ಸಿಕ್ಕಿಬಿಟ್ಟಿತ್ತು. ಅದು ಒಳಗೇ ತಣ್ಣಗೆ ಕೂತಿರಲಿ ಎಂದು ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ ತಂದು, ನಾಲ್ಕು ಚಕ್ರದ ತೂತಿಗೂ ಒಂದೊಂದು ಸೌಟು ಧಾರಾಳವಾಗಿ ಬಿಟ್ಟರು. ಹೊರಗೆ ಸೋರಿದ್ದನ್ನು ಒರೆಸಿ, ಮುಚ್ಚಳ ಬಡಿದು ಕೂರಿಸಿ, ದೂರ ನಿಂತು ನೋಡಿದರು. ನಾಲ್ಕೂ ಚಕ್ರ ಫಳಫಳ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ದುರ್ಗಯ್ಯ ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ನೋಡುವ ಆಸೆ ಅವರಿಗೆ.

ದುರ್ಗಯ್ಯ ಬಾಯಿ ಬಿಟ್ಟುಕೊಂಡೇ ನಿಂತ. "ಯಾರ್ ಮಾಡಿದ್ದು ಅಮ್ಮಾವ್ರೆ?"

"ಯಾರೋ ಮೈ ಬಗ್ಗೋರು ಮಾಡಿದ್ರು ಬಿಡು," ಎಂದು ಅವರು ನಕ್ಕರು. ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ ತುಂಬಿದರು. ಕೂಸಿನ ಹಣೆಗೆ ವಿಭೂತಿ ಇಟ್ಟರು. ಸದಾಶಿವಯ್ಯ ಆಗಲೇ ಕೊಬ್ಬರಿ ಮಂಡಿಗೆ ಹೋಗಿದ್ದರು. ಕಾರು ಮನೆಮುಂದಿನ ಏರು ಹತ್ತಿ ಮರೆಯಾಗುವವರೆಗೂ ಗುರುಶಾಂತಮ್ಮ ನೋಡಿದ್ದು ಕಾರಲ್ಲಿದ್ದವರನ್ನಲ್ಲ, ತಿರುಗುವ ಚಕ್ರಗಳನ್ನು.

ಕಾಫಿ ಲೋಟ ಕೈಯಲ್ಲಿತ್ತು, ಇನ್ನೂ ಒಂದು ಗುಟುಕು ಕುಡಿದಿರಲಿಲ್ಲ. ಮಂಡಿಯ ಆಳು ರಂಗಪ್ಪ ಸೈಕಲ್ಲನ್ನು ಅಂಗಳದಲ್ಲೇ ಬೀಳಿಸಿ ಓಡಿಬಂದ.

"ಅಮ್ಮಾವ್ರೆ! ರೈಲ್ವೆ ಗೇಟ್ ತಾವ... ನಿಮ್ ಕಾರು... ನಿಲ್ಲಲೇ ಇಲ್ವಂತೆ!"

ಲೋಟ ಎಲ್ಲಿ ಬಿತ್ತೋ. ಗುರುಶಾಂತಮ್ಮ ಬರಿಗಾಲಲ್ಲಿ ಓಡಿದರು. ಐವತ್ತು ದಾಟಿದ ಮೈ, ಆ ಏರು ಹೇಗೆ ಹತ್ತಿದರೋ ಶಿವನೇ ಬಲ್ಲ. ಏರಿನ ನೆತ್ತಿಗೆ ಬಂದಾಗ ಕೆಳಗೆ ಕಂಡಿತು. ಮುಚ್ಚಿದ ಗೇಟು, ಅದರಾಚೆ ಇನ್ನೂ ಧಡಧಡನೆ ಹೋಗುತ್ತಿರುವ ಉದ್ದನೆಯ ಗೂಡ್ಸ್ ರೈಲು, ಈಚೆ ರಸ್ತೆ ಬಿಟ್ಟು ತೆಂಗಿನ ಮಟ್ಟೆಯ ರಾಶಿಯೊಳಗೆ ಅರ್ಧ ಹೂತುಹೋದ ಬಿಳೀ ಕಾರು.

"ಗಿರಿಜಾ!" ಎಂದು ಕೂಗುತ್ತ ಇಳಿಜಾರಿನಲ್ಲಿ ಓಡಿದರು. ಜನ ದಾರಿ ಬಿಟ್ಟರು. ಗಿರಿಜಾಂಬಿಕಾ ಮಟ್ಟೆಯ ಮೇಲೆ ಕೂತಿದ್ದಳು. ಹಣೆ ಊದಿತ್ತು. ಮಡಿಲಲ್ಲಿ ಕೂಸು ಕಿಟಾರನೆ ಕಿರುಚುತ್ತಿತ್ತು. ಬದುಕಿದೆ, ಬದುಕಿದೆ! ದುರ್ಗಯ್ಯನ ಬಲಗೈ ಮೊಣಕೈ ಕೆಳಗೆ ಮುರಿದು ತೂಗುತ್ತಿತ್ತು.

"ತುಳೀತೀನಿ, ತುಳೀತೀನಿ, ನಿಲ್ತಾನೇ ಇಲ್ಲ," ಎಂದು ಅವನು ಒಂದೇ ಸಮ ಹೇಳುತ್ತಿದ್ದ. "ರೈಲು ಕೂಗ್ತು. ಕೈಬ್ರೇಕ್ ಎಳುದ್ರೂ ಇಲ್ಲ. ಮಟ್ಟೆ ಕಾಣ್ತು, ತಿರುಗಿಸ್ಬುಟ್ಟೆ."

ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಅಣ್ಣಯ್ಯ ಮಟ್ಟೆ ಸರಿಸಿ ಮುಂದಿನ ಒಂದು ಚಕ್ರ ಬಿಚ್ಚಿ, ಒಳಗಿನ ಡ್ರಮ್ ಬಡಿದು ಕಳಚಿದ. ಬೆರಳಿಟ್ಟ, ಮೂಸಿದ, ಮಂಡಿಯಿಂದ ಧಾವಿಸಿ ಬಂದಿದ್ದ ಸದಾಶಿವಯ್ಯನವರ ಕಡೆ ತಿರುಗಿದ.

"ಕೊಬ್ರಿ ಎಣ್ಣೆ ಕಣ್ರೀ! ಪಟ್ಟಿಯೆಲ್ಲಾ ನೆಂದು ತೊಪ್ಪೆಯಾಗೈತೆ. ಎಣ್ಣೆ ಕುಡಿದ ಪಟ್ಟಿ ಇನ್ನೇನು ಹಿಡಿದೀತು? ಬೇಕೂಂತ್ಲೇ ಸುರ್ದವ್ರೆ."

ಗುರುಶಾಂತಮ್ಮನ ಮೂಗಿಗೂ ವಾಸನೆ ಬಡಿಯಿತು. ಆ ವಾಸನೆ ಅವರ ಅಡುಗೆಮನೆಯದು, ಅವರ ಚೊಂಬಿನದು. ನಾಲ್ಕು ಸೌಟು. ತಮ್ಮ ಕೈಯಾರೆ, ಉಗುರು ಬೆಚ್ಚಗೆ ಮಾಡಿ.

"ಲೋ ಬೇವಕೂಫ!" ಸದಾಶಿವಯ್ಯ ದುರ್ಗಯ್ಯನ ಅಂಗಿ ಹಿಡಿದರು. "ಚಕ್ರ ಹೊಳೀಲಿ ಅಂತ ಎಣ್ಣೆ ಹೊಯ್ದ್ಯಾ? ನನ್ನ ಮಗಳು, ಮೊಮ್ಮಗ ರೈಲಿಗೆ ಸಿಕ್ಕಿದ್ರೆ? ಪೊಲೀಸಿಗೆ ಕೊಡ್ತೀನಿ ನಿನ್ನ! ಈ ತಾಲೂಕಲ್ಲಿ ಇನ್ನು ಯಾರೂ ನಿನ್ನ ಕೈಗೆ ಸ್ಟೇರಿಂಗ್ ಕೊಡಬಾರ್ದು, ಹಂಗೆ ಮಾಡ್ತೀನಿ!"

ದುರ್ಗಯ್ಯ ಬಿಚ್ಚಿದ ಚಕ್ರವನ್ನು ನೋಡಿದ. ಆಮೇಲೆ ಗುರುಶಾಂತಮ್ಮನ ಕೈಗಳನ್ನು ನೋಡಿದ. ಉಗುರಿನ ಸಂದಿಯಲ್ಲೆಲ್ಲ ನಿನ್ನೆಯ ಕರಿ ಹಾಗೇ ಇತ್ತು. ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅವರಿಗೂ ಗೊತ್ತಾಯಿತು.

"ತಪ್ಪಾಯ್ತು ಯಜಮಾನ್ರೆ," ಎಂದು ಅವನು ತಲೆ ತಗ್ಗಿಸಿದ.

ಗುರುಶಾಂತಮ್ಮ ಈಗ ಸುಮ್ಮನಿದ್ದರೆ ಸಾಕಿತ್ತು. ಮಾನ ಉಳಿಯುತ್ತಿತ್ತು, ಬೀಗರ ಕಿವಿಗೆ ಬೀಳುತ್ತಿರಲಿಲ್ಲ. ದುರ್ಗಯ್ಯ ನೋವಿಗೆ ಹಲ್ಲು ಕಚ್ಚಿದ ಸದ್ದು ಕೇಳಿಸಿತು.

"ಅವನಲ್ಲ ಕಣ್ರೀ," ಎಂದರು. "ಬಿಡ್ರಿ ಅವನ್ನ. ನಾನು. ಮಸಿ ಹೋಗ್ಲಿ ಅಂತ ನಾನೇ ಹೊಯ್ದೆ."

ಸದಾಶಿವಯ್ಯನವರ ಕೈ ಅಂಗಿಯ ಮೇಲೇ ನಿಂತಿತು. ಗುರುಶಾಂತಮ್ಮ ಮಗಳ ಕಡೆ ತಿರುಗಿ ಕೂಸಿಗಾಗಿ ಎರಡೂ ಕೈ ಚಾಚಿದರು. ಗಿರಿಜಾಂಬಿಕಾ ಆ ಕೈಗಳನ್ನು ನೋಡಿ, ಕೂಸನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿದಳು.

ಎರಡು ತಿಂಗಳಿಗೆ ದುರ್ಗಯ್ಯನ ಕೈ ಕೂಡಿಕೊಂಡಿತು. ಕಾರಿಗೆ ಹೊಸ ಪಟ್ಟಿ ಬಂತು. ಕೂಸನ್ನು ನೋಡಲು ತುರುವೇಕೆರೆಗೆ ಹೊರಟ ದಿನ ಗುರುಶಾಂತಮ್ಮ ಕಾರಿನ ಬಾಗಿಲು ಹಿಡಿದು ನಿಂತು ದುರ್ಗಯ್ಯನನ್ನು ಕೇಳಿದರು.

"ಅವತ್ತು ಬೆಳಿಗ್ಗೆ ನಿಂಗೆ ವಾಸನೆ ಬರ್ಲಿಲ್ವೇನೋ?"

"ಬಂತು ಅಮ್ಮಾವ್ರೆ. ತಿಪಟೂರಲ್ಲಿ ಕೊಬ್ರಿ ಎಣ್ಣೆ ವಾಸ್ನೆ ಬರ್ದಿರೋ ಜಾಗ ಯಾವ್ದೈತೆ ಅಂತ ಸುಮ್ಕಾದೆ."

ಅವರು ಬಗ್ಗಿ ಮುಂದಿನ ಚಕ್ರದ ಮೇಲೆ ಬೆರಳೆಳೆದರು. ಕರ್ರಗೆ ಬಂತು. ಆ ಬೆರಳನ್ನು ಒಂದು ಗಳಿಗೆ ನೋಡಿಕೊಂಡು, ಒರೆಸದೆ ಕಾರು ಹತ್ತಿ ಕೂತು, ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡರು.