ಕಣ್ಣಿಲ್ಲದವಕ್ಕೆ ದೀಪ

ನನಗೆ ಕಣ್ಣಿಲ್ಲ. ಇದ್ದು ಹೋದದ್ದಲ್ಲ, ಬರಲೇ ಇಲ್ಲ. ನಾನು ಒಂದು ಪಟ್ಟೆ ಮೀನು, ಬೆರಳುದ್ದವೂ ಇಲ್ಲ. ಧಾರವಾಡದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ, ಗಾಜಿನ ತಟ್ಟೆಯೊಂದರಲ್ಲಿ ಮೊಟ್ಟೆಯೊಡೆದು ಬಂದೆ. ನಮ್ಮ ತಳಿಯೇ ಹಾಗೆ. ಅದಕ್ಕಾಗಿಯೇ ನಮ್ಮನ್ನು ಸಾಕುತ್ತಾರೆ.

ಸಾಕುತ್ತಿದ್ದವಳು ಸಂಶೋಧನಾ ವಿದ್ಯಾರ್ಥಿನಿ ನಸೀಮಾ. ಅವಳ ಮುಖ ನನಗೆ ಗೊತ್ತಿಲ್ಲ. ಮೇವು ಹಾಕುವ ಮೊದಲು ತೊಟ್ಟಿಯ ಅಂಚಿಗೆ ಉಗುರಿನಿಂದ ತಟ್ಟುತ್ತಿದ್ದಳು. ನನಗೆ ಅವಳೆಂದರೆ ಆ ಸದ್ದು. ಯಾವುದನ್ನೂ ಅವಸರದಲ್ಲಿ ಒಪ್ಪುವವಳಲ್ಲ. ಅದಕ್ಕೇ ಅವಳ ಗೈಡ್ ಕಟಗೇರಿ ಸರ್ ಅವಳನ್ನು 'ಟ್ಯೂಬ್‌ಲೈಟ್' ಎನ್ನುತ್ತಿದ್ದರು. ತಡವಾಗಿ ಹೊತ್ತಿಕೊಳ್ಳುವವಳು ಎಂದು.

ಆಗ ನಾವಿನ್ನೂ ಮರಿಗಳು. ಹೊಸ ತೊಟ್ಟಿಗಳು ಬಂದು ಜಾಗ ಸಾಲದಾಯಿತು.

"ಕುರುಡ ಮೀನ ಸ್ಟೋರ್‌ರೂಮಿನ್ಯಾಗ ಇಡು," ಎಂದರು ಸರ್. "ಕಣ್ಣಿಲ್ಲದವಕ್ಕ ಲೈಟ್ ಯಾಕ ಬೇಕವಾ?"

ನಸೀಮಾ ನಮ್ಮ ತೊಟ್ಟಿಯನ್ನು ಕಿಟಕಿಯಿಲ್ಲದ ಆ ಕೋಣೆಗೆ ಒಯ್ದು ಇಟ್ಟಳು.

ಬಾಗಿಲು ಮುಚ್ಚಿದ ಕೂಡಲೇ ನನ್ನ ತಲೆಯೊಳಗೆ ಏನೋ ಇಲ್ಲವಾಯಿತು. ಕತ್ತಲೆ ಎಂದರೇನು ಎಂದು ನನಗೆ ತಿಳಿದಿರಲಿಲ್ಲ, ಆದರೂ ಮೈ ಸುಮ್ಮನಿರಲಿಲ್ಲ. ಈಜಿದೆವು, ಗಾಜಿಗೆ ಬಡಿದೆವು, ಮತ್ತೆ ಈಜಿದೆವು. ಮೇವಿಗೂ ನಿಲ್ಲಲಿಲ್ಲ. ದಣಿದವು ತಳ ಸೇರಿದವು. ನೀರು ಕೆಟ್ಟಿರಬೇಕೆಂದು ನಸೀಮಾ ನೀರು ಬದಲಿಸಿದಳು. ಸಾಯುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಸತ್ತವನ್ನು ತೆಗೆಯಲು ಬಂದವಳು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ಸಂದಿಯ ಬೆಳಕು ತೊಟ್ಟಿಯ ಒಂದು ಮೂಲೆಗೆ ಬಿತ್ತು. ಅಲೆಯುತ್ತ ಅಲ್ಲಿಗೆ ಬಂದ ನನ್ನ ಮೈ ತಾನಾಗಿ ನಿಂತಿತು. ಉಳಿದವೂ ಒಂದೊಂದಾಗಿ ಬಂದು ನಿಂತವು. ಅವಳು ಬಾಗಿಲು ಮುಚ್ಚಿದಳು, ಚದುರಿದೆವು. ತೆರೆದಳು, ಸೇರಿದೆವು. ಓಡಿಹೋಗಿ ಸರ್ ಅವರನ್ನು ಕರೆತಂದಳು.

"ಬಿಸಿಲಿನ ಕಾವಿಗೆ ಬಂದಿರ್ತಾವ, ಬಿಡು," ಎಂದರು ಅವರು.

ನಸೀಮಾ ಬಾಗಿಲು ಮುಚ್ಚಿ, ಕಾವಿಲ್ಲದ ಎಲ್‌ಇಡಿ ಟಾರ್ಚನ್ನು ಎದುರಿನ ಮೂಲೆಗೆ ಹಿಡಿದಳು. ಥರ್ಮಾಮೀಟರ್ ಕದಲಲಿಲ್ಲ. ನಾವು ಕದಲಿದೆವು.

"ಕಣ್ಣ ಅಲ್ರಿ ಸರ್, ಮಿದುಳು. ಇವುಗಳ ತಲಿಬುರುಡಿ ತೆಳ್ಳಗ ಐತಿ, ಬೆಳಕು ಸೀದಾ ಒಳಗ ಹೋಗ್ತೈತಿ. ಅಲ್ಲೇ ಯಾವವೋ ಜೀವಕೋಶ ಅದನ್ನ ಹಿಡೀತಾವ."

ಸರ್ ತೊಟ್ಟಿಗೆ ಬಾಗಿ ನೋಡಿದರು. "ಹಂಗಾರ ಟ್ಯೂಬ್‌ಲೈಟ್ ನಾನಾ ಅಂತೀ?"

"ನಾ ಅಂದಿಲ್ರಿ. ಮೀನ ಅಂದಾವು."

ಅವರು ನಕ್ಕು, ತೊಟ್ಟಿಯನ್ನು ತಾವೇ ಎತ್ತಿ ಹೊರಗೆ ತಂದರು. ನೀರು ತುಳುಕಿ ಅಂಗಿಯೆಲ್ಲ ತೋಯ್ದಿತಂತೆ.

ಈಗ ನಾನು ಮುದಿ ಮೀನು. ಬೆನ್ನು ಬಾಗಿದೆ. ಕಿಟಕಿಯ ಪಕ್ಕದ ಕೊನೆಯ ತೊಟ್ಟಿಯಲ್ಲಿದ್ದೇನೆ. ಬೆಳಕು ನನಗೆ ಇದುವರೆಗೆ ಏನನ್ನೂ ತೋರಿಸಿಲ್ಲ, ಎಲ್ಲಿ ನಿಲ್ಲಬೇಕು ಎಂದಷ್ಟೇ ಹೇಳಿದೆ. ಅಕ್ಕಿಕಾಳಿಗಿಂತ ಚಿಕ್ಕ ಮಿದುಳಿಗೆ ಅಷ್ಟು ತಿಳಿಯುವುದು ಸಣ್ಣ ವಿಷಯವಲ್ಲ. ಬಾಗಿಲನ್ನು ಮತ್ತೊಮ್ಮೆ ಮುಚ್ಚಿ ನೋಡಬೇಕೆಂದು ಒಬ್ಬಳಿಗೆ ಅನ್ನಿಸಿದ್ದೂ ಸಣ್ಣದಲ್ಲ.

ಸ್ಟೋರ್‌ರೂಮಿಗೆ ಹೋದ ಮೀನುಗಳು ನಲವತ್ತು. ಹೊರಗೆ ಬಂದವು ಹದಿನೇಳು. ಇಪ್ಪತ್ತಮೂರು ಸತ್ತವು.